ಶಿವರುದ್ರಪ್ಪ ರೊಟ್ಟಿ ಪ್ರೈವೇಟ್ ಲಿಮಿಟೆಡ್ಡಿನ ಠರಾವು ಪುಸ್ತಕ

“ಡೈರೆಕ್ಟರ್ ಅನ್ನಿಸಿಕೊಂಡವರಿಗೆ ದೇವರೇನು ಎರಡು ಹೊಟ್ಟಿ ಕೊಟ್ಟಿರ್ತಾನೇನು?”

ಈ ಪ್ರಶ್ನೆಯನ್ನು ಶಿವರುದ್ರಪ್ಪ ಯಾರನ್ನೂ ಕೇಳಲಿಲ್ಲ. ಪುಣೆ ಹತ್ತಿರದ ಚಾಕಣದಲ್ಲಿ ಷಡ್ಡಕ ಮಾರ್ತಾಂಡನ ಹೊಸ ಶೆಡ್ಡಿನ ಉದ್ಘಾಟನೆಗೆ ಬಂದು, ಅದರ ಮುಂದೆ, ಕೈಯಲ್ಲಿ ಅರ್ಧ ಕಚ್ಚಿದ ಪೇಢೆ ಹಿಡಿದು, ಮುಖ ಮೇಲೆತ್ತಿ ನಿಂತಿದ್ದಾಗ ಅದು ತಾನಾಗಿಯೇ ಬಾಯಿಂದ ಉದುರಿತು. ಮೇಲೆ ನಾಲ್ಕು ಫೂಟಿನ ನೀಲಿ ಬೋರ್ಡು. ಅದರಲ್ಲಿ ‘ಮಾರ್ತಾಂಡ ರಬ್ಬರ್ ಪ್ರೈವೇಟ್ ಲಿಮಿಟೆಡ್’ ಎಂಬ ಬಿಳಿ ಅಕ್ಷರ. ಕೆಳಗೆ ಒಬ್ಬ ವಾಚ್‌ಮನ್. ಆ ವಾಚ್‌ಮನ್ ಮಾರ್ತಾಂಡ ಆಚೆ ಹೋದರೂ ಸಲಾಮು ಹೊಡೆಯುತ್ತಿದ್ದ, ಈಚೆ ಬಂದರೂ ಸಲಾಮು ಹೊಡೆಯುತ್ತಿದ್ದ, “ಡೈರೆಕ್ಟರ್ ಸಾಹೇಬ” ಅನ್ನುತ್ತಿದ್ದ.

ಈ ಡೈರೆಕ್ಟರ್ ಸಾಹೇಬ ಹನ್ನೆರಡು ವರ್ಷದ ಹಿಂದೆ ಒಂದು ಟ್ರಂಕು ಹೊತ್ತುಕೊಂಡು ಪುಣೆ ಸ್ಟೇಷನ್ನಿನಲ್ಲಿ ಇಳಿದು, ನಿಗಡಿಯ ಶಿವರುದ್ರಪ್ಪನ ಮನೆಯಲ್ಲಿ ಎಂಟು ತಿಂಗಳು ರೊಟ್ಟಿ ತಿಂದವನು. ಶಿವರುದ್ರಪ್ಪನ ಹೆಂಡತಿ ನಾಗವ್ವನ ತಂಗಿ ತ್ರಿವೇಣಿಯನ್ನು ಮದುವೆಯಾದವನು. ಕಾರಿನ ಬಾಗಿಲಿಗೆ ಹಚ್ಚುವ ರಬ್ಬರ್ ಪಟ್ಟಿ ಮಾಡುವವನು. ಇಷ್ಟೆಲ್ಲ ಇದ್ದೂ ಅವನು ಒಳ್ಳೆಯವನಾಗಿದ್ದ. ತೊಂದರೆಯೆಲ್ಲ ಇದ್ದದ್ದು ಅಲ್ಲೇ. ಸೊಕ್ಕಿನವನಾಗಿದ್ದರೆ ಶಿವರುದ್ರಪ್ಪ ನಾಲ್ಕು ಮಾತು ಬೈದು, ಹಗುರಾಗಿ, ಮನೆಗೆ ಹೋಗಿ ಊಟ ಮಾಡುತ್ತಿದ್ದ. ಆದರೆ ಮಾರ್ತಾಂಡ ನೂರು ಮಂದಿಯ ಎದುರಿಗೆ ಬಗ್ಗಿ ಅವನ ಪಾದ ಮುಟ್ಟಿದ.

“ಇವತ್ತ ನಾ ಏನರ ಆಗೀನಿ ಅಂದ್ರ ಅಣ್ಣಾರ ಮನಿ ರೊಟ್ಟಿ ಪುಣ್ಯಾರಿ!”

ಎಲ್ಲರೂ ಚಪ್ಪಾಳೆ ತಟ್ಟಿದರು. ಪೇಢೆ ಶಿವರುದ್ರಪ್ಪನ ಗಂಟಲಲ್ಲಿ ನಿಂತಿತು. ಚಾಕಣದಿಂದ ನಿಗಡಿಗೆ ಸ್ಕೂಟರಿನ ಮೇಲೆ ಬರುವಷ್ಟರಲ್ಲಿ ಅದು ಕೆಳಗಿಳಿದು ಉರಿಯತೊಡಗಿತು.

“ಜೀರಿಗಿ ನೀರು ಮಾಡಿಕೊಡಲೇನ್ರಿ?” ಹಿಂದೆ ಕೂತ ನಾಗವ್ವ ಕೇಳಿದಳು.

“ಕಂಪನಿ ಮಾಡ್ತೀನಿ,” ಅಂದ ಶಿವರುದ್ರಪ್ಪ.

ಮಾಡಲಿಕ್ಕೆ ಒಂದು ಧಂದೆ ಅಂತೂ ಇತ್ತು. ಮನೆಯ ಹಿಂದಿನ ಅಡುಗೆಮನೆಯಲ್ಲಿ ನಾಗವ್ವ, ಕೂಲಿಗೆ ಬರುವ ಬೋರಮ್ಮ ಮತ್ತು ಇನ್ನಿಬ್ಬರು ಹೆಣ್ಣುಮಕ್ಕಳು ದಿನಕ್ಕೆ ಆರುನೂರು ಖಡಕ್ ರೊಟ್ಟಿ ಬಡಿಯುತ್ತಿದ್ದರು. ಅವು ಹುಡುಗರ ಹಾಸ್ಟೆಲ್ಲುಗಳಿಗೂ ಕಾರ್ಖಾನೆಯ ಕ್ಯಾಂಟೀನುಗಳಿಗೂ ಹೋಗುತ್ತಿದ್ದವು. ಶಿವರುದ್ರಪ್ಪನ ಪಾಲಿನ ಕೆಲಸವೂ ಕಡಿಮೆಯದಲ್ಲ. ಮುಂದಿನ ಖೋಲಿಯಲ್ಲಿ ಕೂತು ರೊಟ್ಟಿಯ ಕಟ್ಟಿಗೆ ದಾರ ಸುತ್ತುತ್ತಿದ್ದ, ಬಂದವರಿಗೆ ರೊಟ್ಟಿಯ ಗುಣಗಾನ ಮಾಡುತ್ತಿದ್ದ.

ಮರುದಿನವೇ ಪುಣೆಯ ಶಿವಾಜಿನಗರಕ್ಕೆ ಹೋದ. ಅಲ್ಲಿ ಕಂಪನಿಗಳ ಕಾಗದಪತ್ರ ನೋಡಿಕೊಳ್ಳುವ ರಂಜಿನಿ ಎಂಬ ಮೈಸೂರು ಕಡೆಯ ಹುಡುಗಿಯ ಆಫೀಸಿತ್ತು. ಮಾರ್ತಾಂಡನ ಕಂಪನಿಯನ್ನು ಹುಟ್ಟಿಸಿದವಳೂ ಅವಳೇ. ಅವನಿಗೆ ಹತ್ತಿದ ಕೈಯೇ ತನಗೂ ಹತ್ತಬೇಕು ಎಂಬುದು ಶಿವರುದ್ರಪ್ಪನ ಹಟ.

“ಸರ್, ನಿಮ್ ಬಿಸಿನೆಸ್‌ಗೆ ಕಂಪನಿ ಬೇಕೇ ಬೇಕಾ?” ಅಂದಳು ರಂಜಿನಿ. “ಈಗಿರೋ ಹಾಗೇ ಚೆನ್ನಾಗಿದೆಯಲ್ವಾ? ಕಂಪನಿ ಅಂದ್ರೆ ಪ್ರತಿ ವರ್ಷ ರಿಟರ್ನ್ ಹಾಕ್ಬೇಕು, ಮೀಟಿಂಗ್ ಮಾಡ್ಬೇಕು, ಮಿನಿಟ್ಸ್ ಬರೀಬೇಕು, ಆಫೀಸ್ ಹೊರಗಡೆ ಬೋರ್ಡ್ ಹಾಕ್ಬೇಕು, ಗೌರ್ಮೆಂಟಿಂದ ಬಂದ ಲೆಟರ್‌ಗೆ ಉತ್ತರ ಕೊಡ್ಬೇಕು... ಕಂಪ್ಲಯನ್ಸ್ ತುಂಬಾ ಇರತ್ತೆ ಸರ್.”

“ಮಾರ್ತಾಂಡಗ ಇಲ್ಲೇನ್ರಿ ಅವೆಲ್ಲಾ?”

“ಅವ್ರಿಗೂ ಇದೆ.”

“ಹಂಗಾರ ನನಗೂ ಇರಲಿ. ಅವನಕಿಂತ ಒಂದೆರಡು ಜಾಸ್ತೀನ ಇರಲಿ.”

ರಂಜಿನಿ ಪೆನ್ನು ಕೆಳಗಿಟ್ಟು, ಮತ್ತೆ ಎತ್ತಿಕೊಂಡು, ಡೈರೆಕ್ಟರುಗಳು ಕಡಿಮೆಯೆಂದರೂ ಇಬ್ಬರು ಬೇಕು ಅಂದಳು. ಹೆಂಡತಿಯ ಹೆಸರು ಬರೆಸಿದ. ಮಿನಿಟ್ಸ್ ಅಂದರೇನು ಅಂತ ಕೇಳಿದ.

“ಮೀಟಿಂಗ್‌ನಲ್ಲಿ ನಡೆದದ್ದನ್ನ ಬರೆದಿಡೋದು. ನಡೆದಿದ್ದನ್ನ ಮಾತ್ರ ಬರೀಬೇಕು ಸರ್. ಸುಳ್ಳು ಬರೆದ್ರೆ ಪ್ರಾಬ್ಲಮ್ ಆಗತ್ತೆ. ನೀವು ಪಾಯಿಂಟ್ಸ್ ಕಳ್ಸಿ, ಡ್ರಾಫ್ಟ್ ನಾನು ಮಾಡ್ಕೊಡ್ತೀನಿ.”

ಶಿವರುದ್ರಪ್ಪ ಅವಳ ಬೆನ್ನ ಹಿಂದಿನ ಕಪಾಟು ನೋಡಿದ. ಅಲ್ಲಿ ಮಾರ್ತಾಂಡನ ಫೈಲು, ಹೊಟ್ಟೆ ತುಂಬಿದ ಮಗುವಿನಂತೆ, ದಪ್ಪಗೆ ಮಲಗಿತ್ತು. ತನ್ನ ಗುಟ್ಟನ್ನು ಆ ಫೈಲಿನ ಪಕ್ಕದಲ್ಲಿ ಮಲಗಿಸುವುದೇ? ಮಿನಿಟ್ಸ್, ಅಂದರೆ ಠರಾವು ಪುಸ್ತಕ, ತಾನೇ ಬರೆಯುವುದೆಂದು ನಿಶ್ಚಯಿಸಿದ.

ಬರೆಯುವ ವಿಷಯದಲ್ಲಿ ಅವನಿಗೆ ಒಂದು ಸಂಸ್ಕಾರವಿತ್ತು. ಅವನ ಅಪ್ಪ ಇಂಡಿ ತಾಲೂಕಿನ ಮಠದಲ್ಲಿ ಶ್ರಾವಣ ಮಾಸವೆಲ್ಲ ಪುರಾಣ ಓದುತ್ತಿದ್ದವರು. ಒಂದು ಸಾಲು ಬಿಟ್ಟರೆ ಕೇಳಿದವರಿಗೂ ದೋಷ, ಓದಿದವರಿಗೂ ದೋಷ ಅಂತ ಮಗನ ಕಿವಿ ಹಿಂಡಿ ಹೇಳಿದ್ದರು. ಆದ್ದರಿಂದ ನಡೆದದ್ದನ್ನು ಬರೆಯಬೇಕು ಅಂದರೆ ಶಿವರುದ್ರಪ್ಪನ ಪಾಲಿಗೆ ನಡೆದದ್ದೆಲ್ಲವನ್ನೂ ಬರೆಯಬೇಕು. ಕೆಂಪು ಬಟ್ಟೆಯ ರಟ್ಟಿನ ಪುಸ್ತಕ ತಂದ, ವಿಭೂತಿ ಹಚ್ಚಿದ, ದೇವರ ಜಗುಲಿಯ ಮೇಲಿಟ್ಟ.

ಮೊದಲನೆಯ ಸಭೆ ಅಡುಗೆಮನೆಯಲ್ಲಿ ನಡೆಯಿತು. ಡೈರೆಕ್ಟರ್ ನಾಗವ್ವ ಹಂಚಿನ ಮುಂದಿನಿಂದ ಏಳಲು ಸಿದ್ಧಳಿರಲಿಲ್ಲ. ಸಭೆಯ ಮುಖ್ಯ ವಿಷಯ ಅಧ್ಯಕ್ಷರ ಆಯ್ಕೆ. ಮಾರ್ತಾಂಡ ಬರೇ ಡೈರೆಕ್ಟರ್. ಅವನ ಕಾರ್ಡಿನಲ್ಲಿ ‘ಅಧ್ಯಕ್ಷ’ ಎಂಬ ಅಕ್ಷರವಿಲ್ಲ. ಇದನ್ನು ಶಿವರುದ್ರಪ್ಪ ಬೆಳಕಿಗೆ ಹಿಡಿದು, ತಿರುವಿ, ಖಾತ್ರಿ ಮಾಡಿಕೊಂಡಿದ್ದ.

“ನನ್ನ ಹೆಸರು ನೀ ಸೂಚಿಸಬೇಕು. ನಾನ ಸೂಚಿಸಿಕೊಂಡ್ರ ಛೊಲೊ ಕಾಣೂದಿಲ್ಲ.”

“ಇವರು ಆಗಲಿ.”

“ಇವರು ಅಂದ್ರ ಯಾರು? ಹೆಸರು ಬೇಕು. ಸರಕಾರ ಕೇಳತದ.”

ನಾಗವ್ವ ಸೆರಗು ಬಾಯಿಗೆ ಹಿಡಿದಳು. ಇಪ್ಪತ್ತೆಂಟು ವರ್ಷದಲ್ಲಿ ಗಂಡನ ಹೆಸರನ್ನು ಅವಳು ಹಾಗೇ ಬರಿದಾಗಿ ಹೇಳಿದ್ದಿಲ್ಲ. ಹೇಳುವುದಿದ್ದರೆ ಮದುವೆ, ಸೀಮಂತದಲ್ಲಿ ಹೇಳುವಂತೆ ಒಡಪಿನಲ್ಲಿ, ಪ್ರಾಸ ಕೂಡಿಸಿ ಹೇಳಬೇಕು. ಬೋರಮ್ಮ ಹಿಟ್ಟಿನ ಕೈಯಿಂದಲೇ ಚಪ್ಪಾಳೆ ಹೊಡೆದು “ಹೇಳ್ರಿ ಯವ್ವಾ, ಹೇಳ್ರಿ” ಅಂದಳು. ನಾಗವ್ವ ರೊಟ್ಟಿ ತಿರುವಿ ಹಾಕಿ ಹೇಳಿದಳು:

“ಹಂಚಿನ ಮ್ಯಾಲ ಹಾಕಿದ ರೊಟ್ಟಿ ದುಂಡಗ ಉಬ್ಬಬೇಕು,
ಖುರ್ಚಿ ಮ್ಯಾಲ ಕುಂತ ಶಿವರುದ್ರಪ್ಪನವರು ಸ್ವಲ್ಪ ಕಡಿಮಿ ಉಬ್ಬಬೇಕು.
ಒಂದು ವರ್ಷ ನೋಡೂಣು.”

ನಡೆದದ್ದನ್ನು ನಡೆದ ಹಾಗೆ ಬರೆಯಲಾಯಿತು. ‘ಒಂದು ವರ್ಷ’ ಎಂಬುದೂ ಬಂತು, ಬೋರಮ್ಮ ನಕ್ಕದ್ದೂ ಬಂತು, ಕುಕ್ಕರ್ ಎರಡು ಸಲ ಕೂಗಿದ್ದೂ ಬಂತು.

ಮುಂದಿನ ಸಭೆಗಳು ಬೇಗ ಬೇಗ ಸಾಗಿದವು. ಶಿವರುದ್ರಪ್ಪ ಬಾಗಿಲಲ್ಲಿ ನಿಂತು ಏನೋ ಓದುತ್ತಿದ್ದ, ಹೊಗೆಯೊಳಗಿಂದ ನಾಗವ್ವ ಕೆಮ್ಮುತ್ತ “ಹ್ಞೂಂ” ಅನ್ನುತ್ತಿದ್ದಳು, ‘ಸರ್ವಾನುಮತ’ ಅಂತ ಬರೆಯಲಾಗುತ್ತಿತ್ತು. ಹೀಗೆ ಆರು ಫೂಟಿನ ಬೋರ್ಡು ಬಂತು. ಕಾನೂನಿನಂತೆ ಅದರಲ್ಲಿ ಹೆಸರಿತ್ತು, ವಿಳಾಸವಿತ್ತು, ಮರಾಠಿಯೂ ಇತ್ತು. ನಿಗಡಿಯ ಆ ಸಣ್ಣ ಮನೆಯ ಮುಂದುಗಡೆ ಇದ್ದದ್ದೇ ಆರೂವರೆ ಫೂಟು. ಬೋರ್ಡಿನ ಎಡದ ತುದಿ ಗೋಡೆಯ ಮೇಲಿನ ಮನೆ ನಂಬರನ್ನು ಮುಚ್ಚಿತು. ಬಲದ ತುದಿ ಮೇಲಿನ ಮನೆಗೂ ಸೇರಿದ ಟಪಾಲು ಪೆಟ್ಟಿಗೆಯ ಬಾಯಿ ಮುಚ್ಚಿತು. ವಿಳಾಸದ ಅಕ್ಷರಗಳಿಗೆ ಉಳಿದ ಜಾಗ ಇರುವೆಯ ಸಾಲಿನಷ್ಟು; ‘ಶಿವರುದ್ರಪ್ಪ’ ಎಂಬುದು ಮಾತ್ರ ರಸ್ತೆಯ ಆ ಬದಿಗೂ ಕಾಣುತ್ತಿತ್ತು.

ಮಹಡಿಯ ಮೇಲಿನ ಮನೆಯ ವಿಶಾಲಮ್ಮ, ತುಮಕೂರು ಕಡೆಯವರು, ಮೆಟ್ಟಿಲಿನಿಂದ ಬಗ್ಗಿ ಕೂಗಿದರು: “ಶಿವರುದ್ರಪ್ಪನೋರೇ, ನಿಮ್ ಬೋರ್ಡ್ ಬಂದಾಗ್ಲಿಂದ ನಮ್ ಕರೆಂಟ್ ಬಿಲ್ಲೇ ಬರ್ತಿಲ್ಲ ಕಣ್ರೀ!”

“ಹೊಟ್ಟಿಕಿಚ್ಚು,” ಅಂದ ಶಿವರುದ್ರಪ್ಪ, ಮೆಲ್ಲಗೆ. ಆ ಕಾಯಿಲೆಯನ್ನು ಬೇರೆಯವರ ಮೈಯಲ್ಲಿ ಗುರುತಿಸುವುದರಲ್ಲಿ ಅವನಷ್ಟು ಚುರುಕಾದ ವೈದ್ಯ ನಿಗಡಿಯಲ್ಲಿ ಇನ್ನೊಬ್ಬನಿರಲಿಲ್ಲ.

ವರ್ಷ ಉರುಳಿತು. ಬಸವ ಜಯಂತಿ ಹತ್ತಿರ ಬಂತು. ನಿಗಡಿ, ಆಕುರ್ಡಿಯ ಕನ್ನಡಿಗರ ಮಂಡಳಿ ಆಮಂತ್ರಣ ಪತ್ರಿಕೆ ಹಾಕಿಸುತ್ತಿತ್ತು. ಮಂಡಳಿಯ ಕಾರ್ಯದರ್ಶಿ ಮಾರ್ತಾಂಡನೇ. ‘ಶ್ರೀ ಮಾರ್ತಾಂಡ, ಡೈರೆಕ್ಟರ್’ ಅಂತ ಒಂದು ಸಾಲು ಬರುವುದಿತ್ತು. ಅದರ ನೆತ್ತಿಯ ಮೇಲೆ ‘ಶ್ರೀ ಶಿವರುದ್ರಪ್ಪ, ಅಧ್ಯಕ್ಷರು, ಶಿವರುದ್ರಪ್ಪ ರೊಟ್ಟಿ ಪ್ರೈವೇಟ್ ಲಿಮಿಟೆಡ್’ ಅಂತ ಇನ್ನೊಂದು ಸಾಲು ಬರಬೇಕು. ವರ್ಷವಿಡೀ ಶಿವರುದ್ರಪ್ಪ ಜೀರಿಗೆ ನೀರು ಕುಡಿದು ಬದುಕಿದ್ದು ಆ ಒಂದು ಸಾಲಿಗಾಗಿ. ಮಾರ್ತಾಂಡ ಆಗಲಿ ಅಂದಿದ್ದ. ಅದೂ ನಗುತ್ತ ಅಂದಿದ್ದ. ಅದಕ್ಕೆ ಇನ್ನೆರಡು ಲೋಟ ಜೀರಿಗೆ ನೀರು ಹೆಚ್ಚಿಗೆ ಬೇಕಾದವು.

ಪತ್ರಿಕೆ ಪ್ರೆಸ್ಸಿಗೆ ಹೋಗುವ ಹಿಂದಿನ ದಿನ ರಂಜಿನಿಯ ಫೋನು ಬಂತು.

“ಸರ್, ಕಂಪನಿ ರಿಜಿಸ್ಟ್ರಾರ್ ಆಫೀಸಿಂದ ನಿಮಗೆ ಎರಡು ಲೆಟರ್ ಕಳ್ಸಿದ್ದಾರೆ. ಎರಡೂ ‘ಈ ವಿಳಾಸದಲ್ಲಿ ಇಲ್ಲ’ ಅಂತ ವಾಪಸ್ ಹೋಗಿವೆ.”

“ಇಲ್ಲಾ? ಆರು ಫೂಟಿನ ಬೋರ್ಡ್ ಅದರಿ ತಂಗಿ! ಕುರುಡರಿಗೂ ಕಾಣತದ!”

“ನಾಳೆ ಒಬ್ರು ಆಫೀಸರ್ ನೋಡೋಕೆ ಬರ್ತಾರೆ. ಆಫೀಸೇ ಇಲ್ಲ ಅಂತ ರಿಪೋರ್ಟ್ ಆದ್ರೆ ಕಂಪನಿ ಹೆಸ್ರನ್ನ ರಿಜಿಸ್ಟರ್‌ನಿಂದ ತೆಗೆದುಬಿಡಬಹುದು ಸರ್. ಸೀರಿಯಸ್ಸಾಗಿ ತಗೊಳ್ಳಿ.”

ಶಿವರುದ್ರಪ್ಪ ಹೊರಗೆ ಬಂದು ಬೋರ್ಡು ಇದ್ದಲ್ಲೇ ಇದೆಯೇ ಅಂತ ನೋಡಿದ. ಆಮೇಲೆ ಕೇಳಿದ: “ಮಾರ್ತಾಂಡಗ ಬಂದಾವೇನ್ರಿ ಅಂಥಾ ಲೆಟರ್?”

“ಅವ್ರಿಗೆ ಒಂದೂ ಬಂದಿಲ್ಲ.”

“ಎರಡೂ ನಮಗಷ್ಟ?” ಅವನ ದನಿಯಲ್ಲಿ ಹೆದರಿಕೆಯ ಕೆಳಗೆ ಒಂದು ಎಳೆ ಸಮಾಧಾನವಿತ್ತು. ಸರಕಾರ ಇಬ್ಬರಲ್ಲಿ ಒಬ್ಬನನ್ನು ನೆನೆದಿತ್ತು.

ಮರುದಿನ ಅಧಿಕಾರಿ ಅವಧೂತ ಸಾಹೇಬರು ಓಣಿಯಲ್ಲಿ ಮೂರು ಸಲ ಮೇಲೆ ಕೆಳಗೆ ಅಡ್ಡಾಡಿ, ನಂಬರು ಸಿಗದೆ, ಕೊನೆಗೆ ರೊಟ್ಟಿಯ ವಾಸನೆ ಹಿಡಿದು ಬಂದರು. ತೆಳ್ಳನೆಯ, ಮಿತಭಾಷಿ ಮನುಷ್ಯ. ಬೋರ್ಡಿನ ಫೋಟೋ ತೆಗೆಯಲು ಹಿಂದೆ ಸರಿದರು, ಚೌಕಟ್ಟಿಗೆ ಹಿಡಿಸಲಿಲ್ಲ, ಇನ್ನೂ ಸರಿದರು, ಎದುರು ಮನೆಯ ಕಟ್ಟೆ ಹತ್ತಬೇಕಾಯಿತು. ಸಾಕ್ಷಿಗೆ ಅಂತ ವಿಶಾಲಮ್ಮನನ್ನು ಕರೆದರು. ಅವರು ಕರೆಯುವ ಮೊದಲೇ ಮೆಟ್ಟಿಲಿಳಿದಿದ್ದರು.

ಒಳಗೆ, ಹಿಂದಕ್ಕೆ ವಾಲುವ, ತಿರುಗುವ ಖುರ್ಚಿಯ ಮೇಲೆ ಒಟ್ಟು ನೂರಿಪ್ಪತ್ತು ರೊಟ್ಟಿಯ ಹತ್ತು ಹನ್ನೆರಡು ಕಟ್ಟುಗಳು ಕೂತಿದ್ದವು. ಶಿವರುದ್ರಪ್ಪ ಅದರಲ್ಲಿ ಕೂತರೆ ಕೈ ದಾರಕ್ಕೆ ಎಟಕುತ್ತಿರಲಿಲ್ಲ, ಹಾಗಾಗಿ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದ.

“ಮಿನಿಟ್ಸ್ ಬುಕ್?” ಅಂದರು ಸಾಹೇಬರು.

ಶಿವರುದ್ರಪ್ಪ ಜಗುಲಿಯ ಮೇಲಿಂದ ಪುಸ್ತಕ ತಂದು, ಕಣ್ಣಿಗೊತ್ತಿಕೊಂಡು, ಕೊಟ್ಟ. ಸಾಹೇಬರು ತೆರೆದರು. ತಿರುವಿದರು. ಮತ್ತೆ ತಿರುವಿದರು.

“ಹೇ ಕೋಣ ವಾಚಣಾರ?” ಇದನ್ನು ಓದೋರು ಯಾರು ಅಂತ ಮರಾಠಿಯಲ್ಲಿ ಕೇಳಿದರು.

“ನಾನ ಓದತೀನ್ರಿ ಸಾಹೇಬ್ರ!”

ಬರೆದವನೇ ಓದಿದರೆ ಏನು ಉಪಯೋಗ, ಬೇರೆ ಯಾರಾದರೂ ಓದಿ ಮರಾಠಿಯಲ್ಲಿ ಹೇಳಲಿ ಅಂದರು ಸಾಹೇಬರು. ವಿಶಾಲಮ್ಮನಿಗೆ ಮರಾಠಿ ಬಾರದು. ಬೋರಮ್ಮನಿಗೆ ಓದು ಬಾರದು. ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದು. ಆಮಂತ್ರಣ ಪತ್ರಿಕೆಯ ಕರಡು ಕೈಯಲ್ಲಿ ಹಿಡಿದು, ಮುಖದ ತುಂಬ ನಗು ತುಂಬಿಕೊಂಡು, ಮಾರ್ತಾಂಡ ಹೊಸ್ತಿಲು ದಾಟಿದ.

ಓದಿ ಹೇಳುವವರು ಬೇಕಾಗಿದ್ದಾರೆಂದು ವಿಶಾಲಮ್ಮ ಅವನಿಗೆ ಹೇಳಿಬಿಟ್ಟರು.

“ಅಣ್ಣಾರಿಗೆ ಕೆಲಸ ಬಿದ್ದದ ಅಂದ್ರ ನಾ ಇಲ್ಲೇನ್ರಿ?” ಮಾರ್ತಾಂಡ ಪುಸ್ತಕ ತೆಗೆದುಕೊಂಡ. ಗಂಟಲು ಸರಿಮಾಡಿಕೊಂಡ. ಅವನದು ಮಂಡಳಿಯಲ್ಲಿ ವಚನ ಹೇಳಿ ಪಳಗಿದ ದನಿ. ಮಹಡಿಯ ಮೇಲಿದ್ದವರಿಗೂ ಕೇಳುವಂಥದ್ದು.

“‘ಸಭೆ ಒಂದು.’” ಒಡಪು ಓದಿದ. ಸಾಹೇಬರಿಗೆ ಅರ್ಥ ಹೇಳಿದ. ಅವಧೂತ ಸಾಹೇಬರ ಬಿಗಿದ ತುಟಿ ಒಂದು ಬದಿಗೆ ಎದ್ದಿತು. “ಉಖಾಣಾ!” ಅಂದರು. ಅವರಲ್ಲೂ ಹೆಣ್ಣುಮಕ್ಕಳು ಗಂಡನ ಹೆಸರು ಹಾಗೇ ಪ್ರಾಸ ಕಟ್ಟಿ ಹೇಳುವವರು. “ಪುಢೇ?” ಮುಂದೆ?

“‘ಸಭೆ ಎರಡು. ಷಡ್ಡಕ ಮಾರ್ತಾಂಡನ ಬೋರ್ಡು ನಾಲ್ಕು ಫೂಟು ಇರುವುದರಿಂದ...’” ಮಾರ್ತಾಂಡ ಒಂದು ಕ್ಷಣ ನಿಂತ. ಪುರಾಣ ಹಿಡಿದವನು ನಡುವೆ ನಿಲ್ಲಿಸುವಂತಿಲ್ಲ. “‘...ನಮ್ಮದು ಆರು ಫೂಟು ಇರತಕ್ಕದ್ದು ಎಂದು ಠರಾವಾಯಿತು. ಡೈರೆಕ್ಟರ್ ನಾಗವ್ವನವರು ಹ್ಞೂಂ ಅಂದರು. ಸರ್ವಾನುಮತ.’”

ದನಿ ಕೇಳಿ ನಾಗವ್ವ ಹಿಟ್ಟಿನ ಕೈ ಒರೆಸುತ್ತ ಒಳಬಾಗಿಲಿಗೆ ಬಂದು ನಿಂತಳು.

“‘ಸಭೆ ಮೂರು. ಮಾರ್ತಾಂಡನ ಖುರ್ಚಿ ತಿರುಗುತ್ತದೆ. ನಮ್ಮದು ತಿರುಗಬೇಕು, ಮತ್ತು ವಾಲಬೇಕು. ನಾಗವ್ವನವರು ಹ್ಞೂಂ ಅಂದರು. ವಿಶಾಲಮ್ಮನವರು ಮೆಟ್ಟಿಲಿನಿಂದ ಕರೆಂಟು ಬಿಲ್ಲು ಬಂದಿಲ್ಲವೆಂದು ಕೂಗಿದರು. ಇದು ಬೋರ್ಡಿನ ಮೇಲಿನ ಹೊಟ್ಟೆಕಿಚ್ಚು ಎಂದು ಅಧ್ಯಕ್ಷರು ಅಭಿಪ್ರಾಯಪಟ್ಟರು.’”

“ಅಯ್ಯೋ! ನಂಗೆ ಹೊಟ್ಟೆಕಿಚ್ಚಾ?” ವಿಶಾಲಮ್ಮ ಎದೆ ಮೇಲೆ ಕೈಯಿಟ್ಟುಕೊಂಡರು. “ಮೂರು ದಿನ ಕತ್ತಲಲ್ಲಿ ಕೂತಿದ್ದೆ ಕಣ್ರೀ ನಾನು! ಬರ್ಕೊಳಿ, ಇದನ್ನೂ ಬರ್ಕೊಳಿ!”

“ಸಾಕು ಬಿಡ್ರಿ ಮಾರ್ತಾಂಡಪ್ಪ,” ಶಿವರುದ್ರಪ್ಪ ಕೈ ಚಾಚಿದ. “ಮುಂದ ಎಲ್ಲಾ ಹಿಂಗ ಅದ.”

“ಪುಢೇ,” ಅಂದರು ಸಾಹೇಬರು.

“‘ಸಭೆ ನಾಲ್ಕು. ಅಡಿಗೆಮನೆಗೆ ಹೊಗೆ ಎಳೆಯುವ ಫ್ಯಾನು ಬೇಕೆಂದು ಡೈರೆಕ್ಟರ್ ನಾಗವ್ವನವರು ಕೇಳಿದರು, ಕೆಮ್ಮಿದರು. ಷಡ್ಡಕನ ಆಫೀಸಿನಲ್ಲಿ ಅಂಥ ಫ್ಯಾನು ಇಲ್ಲದ ಕಾರಣ ವಿಷಯ ಮುಂದೂಡಲಾಯಿತು.’” ಮಾರ್ತಾಂಡನ ದನಿ ಸಣ್ಣದಾಯಿತು. “‘ಸಭೆ ಐದು. ಫ್ಯಾನು ಕೇಳಿದರು. ಮುಂದೂಡಲಾಯಿತು. ಮಾರ್ತಾಂಡನ ವಿಸಿಟಿಂಗ್ ಕಾರ್ಡು ದಪ್ಪಗಿದೆ, ನಮ್ಮದು ಇನ್ನೂ ದಪ್ಪಗಿರಲಿ. ನಾಗವ್ವನವರು ಹ್ಞೂಂ ಅಂದರು. ಸಭೆ ಆರು. ಫ್ಯಾನು ಕೇಳಿದರು. ಬೋರಮ್ಮನೂ ಕೇಳಿದಳು, ಅವಳು ಡೈರೆಕ್ಟರ್ ಅಲ್ಲದ್ದರಿಂದ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.’”

ಒಳಗೆ ಹಂಚಿನ ಮೇಲೆ ಒಂದು ರೊಟ್ಟಿ ಸೀಯುವ ವಾಸನೆ ಬಂತು. ನಾಗವ್ವ ಬಾಗಿಲಿನಿಂದ ಕದಲಲಿಲ್ಲ.

ಮಾರ್ತಾಂಡ ಪುಸ್ತಕ ಮುಚ್ಚಿದ. ಅವನ ಕಣ್ಣು ಒದ್ದೆಯಾಗಿತ್ತು. ಇನ್ನಾದರೂ ಇವನು ಸಿಟ್ಟಾಗಲಿ, ಒಂದು ಮಾತು ಬೈಯಲಿ ಅಂತ ಶಿವರುದ್ರಪ್ಪ ಮನಸ್ಸಿನಲ್ಲೇ ಶಿವನನ್ನು ಬೇಡಿಕೊಂಡ.

“ಅಣ್ಣಾರ,” ಅಂದ ಮಾರ್ತಾಂಡ, “ನನ್ನ ಕಂಪನಿ ಪುಸ್ತಕದಾಗ ನನ್ನ ಹೆಸರು ಇಷ್ಟು ಸಲ ಬಂದಿಲ್ಲರಿ. ಇಷ್ಟು ನೆನಸತೀರಿ ನನ್ನ!”

ಶಿವ ಕೇಳಿಸಿಕೊಳ್ಳಲಿಲ್ಲ. ಉರಿ ಹೊಟ್ಟೆಯಿಂದ ಎದೆಗೇರಿತು.

ಅವಧೂತ ಸಾಹೇಬರು ಕಾಗದದ ಮೇಲೆ ಏನೋ ಬರೆದು, ಎದ್ದು, ಹೇಳಿದ್ದನ್ನೆಲ್ಲ ಮಾರ್ತಾಂಡ ಕನ್ನಡದಲ್ಲಿ ಹೇಳಿದ: ಆಫೀಸು ಇದೆ ಅಂತ ವರದಿ ಹಾಕುತ್ತಾರೆ. ಬೋರ್ಡು ಸರಿಸಿ ನಂಬರೂ ಟಪಾಲು ಪೆಟ್ಟಿಗೆಯೂ ಕಾಣುವಂತೆ ಮಾಡಬೇಕು, ವಿಳಾಸ ಓದುವಷ್ಟು ದೊಡ್ಡದಾಗಬೇಕು, ವಾರದೊಳಗೆ ಫೋಟೋ ಕಳಿಸಬೇಕು. ಇಷ್ಟು ವರ್ಷದ ನೌಕರಿಯಲ್ಲಿ ಒಂದೂ ಸುಳ್ಳಿಲ್ಲದ ಠರಾವು ಪುಸ್ತಕ ಇದೇ ಮೊದಲು ನೋಡಿದ್ದಂತೆ.

ಶಿವರುದ್ರಪ್ಪನ ಬೆನ್ನು ನೆಟ್ಟಗಾಯಿತು.

“ಇನ್ನೊಂದು ಅಂದ್ರು ಅಣ್ಣಾರ,” ಮಾರ್ತಾಂಡ ತಡವರಿಸಿದ. “ಅಧ್ಯಕ್ಷರು ಒಂದು ವರ್ಷಕ್ಕ ಅಂತ ನೀವ ಬರದೀರಿ. ಆ ವರ್ಷ ಹೋದ ತಿಂಗಳಿಗೆ ಮುಗದದ. ಈಗ ಈ ಕಂಪನಿಗೆ ಅಧ್ಯಕ್ಷರಿಲ್ಲ. ಇರಲೇಬೇಕು ಅಂತೇನೂ ಇಲ್ಲಂತ. ಆದ್ರ ಇಲ್ಲದಾಗ ಅದೀವಿ ಅಂತ ಎಲ್ಲೂ ಹಾಕೋಬಾರದಂತ.”

ಸಾಹೇಬರು ನಾಗವ್ವನಿಗೆ ಕೈಮುಗಿದು, ಒಂದು ಕಟ್ಟು ರೊಟ್ಟಿಯನ್ನು ದುಡ್ಡು ಕೊಟ್ಟೇ ತೆಗೆದುಕೊಂಡು, ಹೊರಟುಹೋದರು. ಮಾರ್ತಾಂಡ ಕೈಯಲ್ಲಿದ್ದ ಕರಡನ್ನು ನೋಡಿದ. ಅದರಲ್ಲಿ ‘ಅಧ್ಯಕ್ಷರು’ ಎಂಬ ಅಕ್ಷರ, ಅವನ ಸ್ವಂತ ಹೆಸರಿನ ನೆತ್ತಿಯ ಮೇಲೆ, ದಪ್ಪಗೆ ಕೂತಿತ್ತು.

“ಆರು ಗಂಟೆಗೆ ಪ್ರೆಸ್‌ನವರಿಗೆ ಕೊಡಬೇಕ್ರಿ. ಇಬ್ಬರೂ ಡೈರೆಕ್ಟರ್ ಮನಿಯಾಗ ಅದೀರಿ. ಈಗ ಒಂದು ಸಭೆ ಮಾಡಿ ಮುಗಿಸಿಬಿಡ್ರಿ. ನಾ ಹೊರಗ ಕುಂದರತೀನಿ.”

ಅವನು ಹೊರಗೆ ಹೋಗಿ ಬೋರ್ಡಿನ ಕೆಳಗೆ ಕೂತ. ವಿಶಾಲಮ್ಮ ಹೋಗಲಿಲ್ಲ, ಸಾಕ್ಷಿ ಅಂದ ಮೇಲೆ ಕೊನೆಯವರೆಗೂ ಇರಬೇಕು ಅಂದರು. ಬೋರಮ್ಮ ಹಂಚು ಇಳಿಸಿ ಬಂದಳು.

ಶಿವರುದ್ರಪ್ಪ ಪುಸ್ತಕ ತೆರೆದ. ತಾರೀಖು ಹಾಕಿದ. ‘ಸಭೆ ಏಳು’ ಅಂತ ಬರೆದ. ಹೆಂಡತಿಯ ಮುಖ ನೋಡಿದ. ಹೊಗೆ ಕುಡಿದು ಕೆಂಪಾದ ಕಣ್ಣು. ವರ್ಷವಿಡೀ ಅವನು ಬಾಗಿಲಲ್ಲಿ ನಿಂತು ಓದಿದ್ದು ಹೊಗೆಯ ಕಡೆಗೆ. ಹೊಗೆಯಾಚೆ ಕಣ್ಣಿದ್ದದ್ದು ಈಗ ಕಂಡಿತು.

“ಏ ನಾಗವ್ವಾ. ಫ್ಯಾನ್ ತರತೀನಿ. ನಾಳೇನ ತರತೀನಿ.”

ನಾಗವ್ವ ಬೆರಳಿಗಂಟಿದ ಒಣ ಹಿಟ್ಟು ಕೆರೆದಳು.

“ಆಣಿ ಮಾಡಿ ಹೇಳತೀನಿ. ಎಂಥಾ ಫ್ಯಾನ್ ಅಂತಿ? ಮಾರ್ತಾಂಡನ ಶೆಡ್ಡಿನ್ಯಾಗ ಇರೂದಕಿಂತ ಒಂದು ಫೂಟು ದೊಡ್ಡದು!”

ಬೋರಮ್ಮ ಹಣೆ ಬಡಿದುಕೊಂಡಳು. ವಿಶಾಲಮ್ಮ “ಅಯ್ಯೋ ಶಿವನೇ” ಅಂದರು. ಹೊರಗಿನಿಂದ ಮಾರ್ತಾಂಡ, ಒಳ್ಳೆಯವನು, “ನಮ್ಮಲ್ಲಿ ಫ್ಯಾನ ಇಲ್ಲರಿ ಅಣ್ಣಾರ, ಯಾವದಾದ್ರೂ ನಡೀತದ!” ಅಂತ ಕೂಗಿ ಹೇಳಿದ.

“ಒಂದ ಒಂದು ಒಡಪ ಹೇಳು,” ಶಿವರುದ್ರಪ್ಪನ ದನಿ ತಗ್ಗಿತು. “ನನ್ನ ಹೆಸರು ಒಂದ ಸಲ ತಗೋ. ಟೈಮ್ ಆಗೇದ. ಅಲ್ಲಿ ಪ್ರೆಸ್‌ನವ ಕಾಯಲಿಕ್ಕತ್ಯಾನ.”

ನಾಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಖುರ್ಚಿಯ ಮೇಲಿದ್ದ ರೊಟ್ಟಿಯ ಕಟ್ಟುಗಳನ್ನು ಒಂದೊಂದಾಗಿ ಎತ್ತಿ ಸ್ಟೂಲಿನ ಮೇಲಿಟ್ಟಳು. ಖುರ್ಚಿ ಖಾಲಿಯಾಯಿತು. ಅದರಲ್ಲಿ ಕೂತಳು. ಖುರ್ಚಿ ಹಿಂದಕ್ಕೆ ವಾಲಿತು, ಅವಳೂ ಅದರ ಜೊತೆ ಆರಾಮವಾಗಿ ವಾಲಿದಳು.

“ನಾ ಹೇಳೂದು ಹೇಳಿದಂಗ ಬರಕೋತೀರಿ?”

“ಒಂದು ಅಕ್ಷರ ಬಿಡೂದಿಲ್ಲ!”

“ಬರಕೋರಿ.”

ಶಿವರುದ್ರಪ್ಪ ಪೆನ್ನಿಗೆ ಬಾಯಿಂದ ಬಿಸಿ ಊದಿ, ಮುತ್ತಿನಂಥ ಅಕ್ಷರದಲ್ಲಿ, ‘ಅಧ್ಯಕ್ಷರ ಸ್ಥಾನಕ್ಕೆ ಹೆಸರು ಸೂಚಿಸಲು ಕೇಳಿಕೊಂಡಾಗ ಡೈರೆಕ್ಟರ್ ನಾಗವ್ವನವರು ಹೇಳಿದ್ದೇನೆಂದರೆ’ ಅಂತ ಬರೆದು, ಕಿವಿ ಕೊಟ್ಟು, ಕಾದ.

“ಒಲ್ಲೆ,” ಅಂದಳು ನಾಗವ್ವ.